ಹಳೆಯ ವೋಲ್ವೊ 240 ವ್ಯಾಗನ್‌ಗೆ ಮೂರನೆಯ ಸಾಲಿನ ಸೀಟು: ಕೂರಿಸುವ ಮುನ್ನ ಏನೇನು ನೋಡಬೇಕು?

ಎಡಿಸನ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆಯಲ್ಲಿ 1989ರ ಮಾದರಿಯ ವೋಲ್ವೊ 240 ಸ್ಟೇಷನ್ ವ್ಯಾಗನ್ (ಛಾವಣಿ ಹಿಂದಿನವರೆಗೂ ಚಾಚಿ, ಹಿಂದೆ ಸಾಮಾನಿಗೆ ದೊಡ್ಡ ಜಾಗವಿರುವ ಕಾರು) ಇದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಚೆನ್ನಾಗಿವೆ, ನೆಲದ ತಗಡಿಗೆ ತುಕ್ಕು ಹಿಡಿದಿಲ್ಲ, ಈ ಕಾರನ್ನು ಇನ್ನೂ ಹಲವು ವರ್ಷ ಓಡಿಸಬೇಕೆಂಬುದು ನಮ್ಮ ಆಸೆ. ನಾವಿಬ್ಬರು, 11, 8 ಮತ್ತು 7 ವರ್ಷದ ಮೂವರು ಮಕ್ಕಳು. ಬರುವ ಬೇಸಿಗೆಯಲ್ಲಿ ಅಪ್ಪ, ಅಮ್ಮ ಮೈಸೂರಿನಿಂದ ಬಂದು ಕೆಲವು ತಿಂಗಳು ನಮ್ಮೊಡನೆ ಇರುತ್ತಾರೆ. ಆಗ ಏಳು ಜನ ಒಟ್ಟಿಗೆ ಹೊರಡುವಾಗಲೆಲ್ಲ ಎರಡು ಕಾರು ತೆಗೆಯಬೇಕಾಗುತ್ತದೆ, ಅರ್ಧ ಸಂಸಾರ ಒಂದರಲ್ಲಿ, ಇನ್ನರ್ಧ ಮತ್ತೊಂದರಲ್ಲಿ.

ಈ ಕಾರಿಗೆ ಸಾಮಾನಿಡುವ ಜಾಗದಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುವ, ಇಬ್ಬರು ಮಕ್ಕಳ ಮಡಚುವ ಸೀಟನ್ನು ಕಂಪನಿಯೇ ಹೆಚ್ಚುವರಿ ಸಲಕರಣೆಯಾಗಿ ಮಾರುತ್ತಿತ್ತು. ಅಂಥದ್ದೊಂದು ಗುಜರಿಯಲ್ಲಿ ಸಿಗುವಂತಿದೆ. ಇನ್ನೊಂದು ಕಡೆ, ಪರಿಚಯದ ವೆಲ್ಡಿಂಗ್ ಕೆಲಸದವರು ಮುಂದಕ್ಕೆ ಮುಖ ಮಾಡುವ ಬೆಂಚನ್ನೇ ಮಾಡಿಕೊಡುವುದಾಗಿಯೂ, ಅದರಲ್ಲಿ ದೊಡ್ಡವರೂ ಕೂರಬಹುದೆಂದೂ ಹೇಳುತ್ತಿದ್ದಾರೆ. ಯಾವುದು ಸರಿ? ಬೋಲ್ಟುಗಳನ್ನು ಎಲ್ಲಿಗೆ ಹಾಕಬೇಕು, ಕಾರು ಭಾರ ತಡೆಯುತ್ತದೆಯೇ, ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಡೆಟ್ರಾಯ್ಟ್ ಕನ್ನಡಿಗ

ನಮಸ್ಕಾರ ಸರ್. ನಾನು ಕಾರಿನ ಸೀಟುಗಳ ವಿನ್ಯಾಸ ವಿಭಾಗದಲ್ಲಿ ದುಡಿಯುವವನು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಮುಂದಕ್ಕೆ ಮುಖ ಮಾಡುವ ಬೆಂಚಿನ ಯೋಚನೆಯನ್ನು ಇಂದೇ ಕೈಬಿಡಿ. ಕಾರಣವನ್ನು ಹಳೆಯ ವ್ಯಾಗನ್‌ಗಳ ಚರಿತ್ರೆಯೇ ಹೇಳುತ್ತದೆ. 1957ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್, ಡಾಡ್ಜ್ ವ್ಯಾಗನ್‌ಗಳಲ್ಲಿ ಮೂರನೆಯ ಸಾಲನ್ನು ಹಿಂದಕ್ಕೆ ತಿರುಗಿಸಿತು. ಕಾಲು ಇಳಿಬಿಡಲು ನೆಲದಲ್ಲಿ ಜಾಗ ಬೇಕಾದ್ದರಿಂದ ಸ್ಟೆಪ್ನಿಯನ್ನು ಬಲಗಡೆಯ ಹಿಂದಿನ ರೆಕ್ಕೆಯೊಳಗೆ ನಿಲ್ಲಿಸಿತು. 1965ರಲ್ಲಿ ಫೋರ್ಡ್ ದೊಡ್ಡ ವ್ಯಾಗನ್‌ಗಳಲ್ಲಿ ಎದುರುಬದುರಾದ ಎರಡು ಸಣ್ಣ ಸೀಟುಗಳನ್ನು ಇಟ್ಟಿತು. ಮೂರನೆಯ ಸಾಲು ಮುಂದಕ್ಕೇ ನೋಡಬೇಕೆಂದು ಹಟ ಹಿಡಿದ ಓಲ್ಡ್ಸ್‌ಮೊಬೈಲ್ 1964ರ ವಿಸ್ಟಾ ಕ್ರೂಸರ್‌ನಲ್ಲಿ ಏನು ಮಾಡಬೇಕಾಯಿತೆಂದು ನೋಡಿ: ಗಾಲಿಗಳ ನಡುವಿನ ಅಂತರವನ್ನು 115 ಅಂಗುಲದಿಂದ 120 ಅಂಗುಲಕ್ಕೆ ಹಿಗ್ಗಿಸಿ, ಹಿಂಭಾಗದ ಛಾವಣಿಯನ್ನು ಎತ್ತರಿಸಿ ಗಾಜು ಕೂರಿಸಿದರು. ಹಿಂದಿನ ಆಕ್ಸಲ್‌ನ ಮೇಲೆ ಕೂತು ಮುಂದಕ್ಕೆ ಕಾಲು ಚಾಚುವವನಿಗೆ ಮೊಣಕಾಲಿಗೂ ಜಾಗ ಬೇಕು, ತಲೆಗೂ ಜಾಗ ಬೇಕು. ಗಾಲಿಗಳ ಅಂತರ ಸುಮಾರು 2.65 ಮೀಟರ್ ಇರುವ 240ರಲ್ಲಿ ಇವೆರಡೂ ಇಲ್ಲ. ಅವನ್ನು ಕೊಡುವ ಶಕ್ತಿ ವೆಲ್ಡಿಂಗ್ ಶೆಡ್ಡಿಗೂ ಇಲ್ಲ.

ಎರಡನೆಯದು ಬಲದ ಪ್ರಶ್ನೆ. ಇಲ್ಲಿ ಸೀಟನ್ನು ಕಾರಿನ ಮೈಕಟ್ಟಿನ ಒಂದು ಭಾಗವೆಂದೇ ಎಣಿಸಿ ಲೆಕ್ಕ ಹಾಕಬೇಕು. ವೇಗವಾಗಿ ಹೋಗುತ್ತಿರುವ ಕಾರು ಎದುರಿನ ಅಪಘಾತದಲ್ಲಿ ನಿಂತಾಗ ಒಳಗಿನವರ ದೇಹ ತನ್ನ ತೂಕದ ಇಪ್ಪತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುವುದು ಅಪರೂಪವೇನಲ್ಲ. 30 ಕಿ.ಗ್ರಾಂ ತೂಗುವ ಒಂದು ಮಗು ಆ ಕ್ಷಣಕ್ಕೆ 600 ಕಿ.ಗ್ರಾಂ ಭಾರದಂತೆ ಒತ್ತುತ್ತದೆ, ಇಬ್ಬರು ಮಕ್ಕಳಾದರೆ 1,200. ಅಮೆರಿಕದ ಸುರಕ್ಷತಾ ಮಾನದಂಡ 210ರ ಪ್ರಕಾರ ಸೊಂಟಕ್ಕೆ ಮಾತ್ರ ಬರುವ ಬೆಲ್ಟಿನ ಆಧಾರಬಿಂದುಗಳು 5,000 ಪೌಂಡ್, ಅಂದರೆ ಸುಮಾರು 2,270 ಕಿ.ಗ್ರಾಂ ಸೆಳೆತವನ್ನು ತಡೆಯಬೇಕು. ಮಾನದಂಡ 207ರ ಪ್ರಕಾರ ಸೀಟಿನ ಚೌಕಟ್ಟು ತನ್ನದೇ ತೂಕದ ಇಪ್ಪತ್ತು ಪಟ್ಟನ್ನು ತಡೆಯಬೇಕು. ತೆಳ್ಳನೆಯ ನೆಲದ ತಗಡಿಗೆ ತೂತು ಕೊರೆದು, ದೊಡ್ಡ ವಾಷರ್ ಇಟ್ಟು ಬಿಗಿದ ಬೋಲ್ಟು ಈ ಸೆಳೆತಕ್ಕೆ ತಗಡನ್ನೇ ಸೀಳಿಕೊಂಡು ಬರುತ್ತದೆ. ಕಂಪನಿಯ ಸೀಟಿಗೆ ಕಂಪನಿಯೇ ಗುರುತಿಸಿದ ಜಾಗಗಳಿರುತ್ತವೆ. ನೆಲಹಾಸನ್ನೂ ಪಕ್ಕದ ಹೊದಿಕೆಗಳನ್ನೂ ಬಿಚ್ಚಿ, ಸೀಟಿನೊಂದಿಗೆ ಬರುವ ಅಳವಡಿಕೆಯ ಕೈಪಿಡಿಯ ಚಿತ್ರದಲ್ಲಿರುವ ಒಂದೊಂದು ಬಿಂದುವೂ ನಿಮ್ಮ ಕಾರಿನಲ್ಲಿ ಇದೆಯೇ ಎಂದು ಹೋಲಿಸಿ. ಒಂದು ಬಿಂದು ಇಲ್ಲದಿದ್ದರೂ ಅಲ್ಲಿಗೆ ಕೆಲಸ ನಿಲ್ಲಿಸಿ. ಕೆಳಗೆ ಪೆಟ್ರೋಲಿನ ಟ್ಯಾಂಕು, ಕೊಳವೆ, ತಂತಿಗಳು ಎಲ್ಲೆಲ್ಲಿ ಹಾದುಹೋಗಿವೆ ಎಂಬುದನ್ನು ನೋಡದೆ ನೆಲಕ್ಕೆ ಡ್ರಿಲ್ ಇಳಿಸುವುದಂತೂ ಕೂಡದು.

ಸ್ಟುಟ್‌ಗಾರ್ಟ್‌ನಿಂದ

ಡೆಟ್ರಾಯ್ಟಿನವರ ಮಾತಿಗೆ ಯುರೋಪಿನ ಕಾರುಗಳೂ ಸಾಕ್ಷಿ ಹೇಳುತ್ತವೆ. ಪೂಜೋ 504ರ ಫಮಿಲಿಯಾಲ್ ಮಾದರಿಯಲ್ಲಿ ಮೂರು ಸಾಲುಗಳೂ ಮುಂದಕ್ಕೇ ನೋಡುತ್ತವೆ. ಆದರೆ ಆ ವ್ಯಾಗನ್‌ನ ಗಾಲಿಗಳ ಅಂತರ 2.90 ಮೀಟರ್, ಅದೇ 504ರ ಸೆಡಾನಿನದು 2.74. ಹದಿನಾರು ಸೆಂಟಿಮೀಟರನ್ನು ಕಾರ್ಖಾನೆಯಲ್ಲೇ ಬೆಳೆಸಿದ್ದರಿಂದ ಆ ಸಾಲು ಸಾಧ್ಯವಾಯಿತು.

ನನ್ನ ಬಳಿ ಇರುವುದು ಮರ್ಸಿಡಿಸ್ 123 ಸರಣಿಯ ಟಿ ಮಾದರಿ. 1977ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ವ್ಯಾಗನ್‌ಗೂ ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟು ಬೇಕಾದವರಿಗೆ ಸಿಗುತ್ತಿತ್ತು. ಅದರಲ್ಲಿ ಸ್ಟೆಪ್ನಿ ಎಡಪಕ್ಕದ ಹೊದಿಕೆಯ ಹಿಂದೆ ನೆಟ್ಟಗೆ ನಿಲ್ಲುವುದರಿಂದ ನೆಲದ ಕೆಳಗಿನ ಗುಂಡಿ ಸೀಟಿಗೂ ಕಾಲಿಗೂ ಬಿಡುವಾಗಿದೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಎಂಜಿನ್ನಿನಿಂದ ನಡೆಯುವ ಪಂಪು ಮತ್ತು ಅನಿಲ ತುಂಬಿದ ಗುಂಡುಗಳ ನೆರವಿನಿಂದ ಹಿಂಭಾಗದ ಎತ್ತರವನ್ನು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ ಆ ವ್ಯಾಗನ್‌ಗಳೆಲ್ಲದರಲ್ಲೂ ಇತ್ತು. ಹಿಂದೆ ಇಬ್ಬರು ಮಕ್ಕಳು ಕೂತರೂ ಕಾರು ಕುಸಿಯುವುದಿಲ್ಲ. ನಿಮ್ಮ 240ರಲ್ಲಿ ಹಿಂದೆ ಇರುವುದು ಗಟ್ಟಿ ಆಕ್ಸಲ್ ಮತ್ತು ಸುರುಳಿ ಸ್ಪ್ರಿಂಗು. ಇಷ್ಟು ವರ್ಷದ ಸ್ಪ್ರಿಂಗು ಬಳಲಿರುತ್ತದೆ. ಹೊಸದು ಹಾಕುವಾಗ ಸೆಡಾನಿನದನ್ನು ತರಬೇಡಿ, ವ್ಯಾಗನ್‌ನದ್ದನ್ನೇ ಕೇಳಿ ತನ್ನಿ. ಶಾಕ್ ಅಬ್ಸಾರ್ಬರುಗಳನ್ನೂ ಜೊತೆಗೇ ಬದಲಿಸಿ.

ಜರ್ಮನಿಯಲ್ಲಿ ಸೀಟುಗಳ ಸಂಖ್ಯೆ ನೋಂದಣಿ ಪತ್ರದಲ್ಲೇ ನಮೂದಾಗಿರುತ್ತದೆ. ಮೂಲ ಸೀಟನ್ನೇ ಹಾಕಿದರೂ ತಾಂತ್ರಿಕ ಪರೀಕ್ಷಕರಿಗೆ ಕಾರನ್ನು ತೋರಿಸಿ ಒಪ್ಪಿಗೆ ಪಡೆದು ದಾಖಲೆ ತಿದ್ದಿಸಬೇಕು. ಇದು ಕಿರಿಕಿರಿಯೆನಿಸಿದರೂ ನನಗೆ ಒಳ್ಳೆಯ ಪದ್ಧತಿಯೆಂದೇ ತೋರುತ್ತದೆ, ಏಕೆಂದರೆ ಅಳವಡಿಸಿದವರನ್ನು ಬಿಟ್ಟು ಬೇರೊಬ್ಬರ ಕಣ್ಣು ಒಮ್ಮೆಯಾದರೂ ಆ ಬೋಲ್ಟುಗಳ ಮೇಲೆ ಬೀಳುತ್ತದೆ.

ಡಲ್ಲಾಸ್ ದಾರಿ

ಎಲ್ಲರೂ ಇಷ್ಟು ಹೆದರಿಸುವ ಅಗತ್ಯವಿದೆಯೇ? ನಾನು 1990ರ ದಶಕದಲ್ಲಿ ಈ ದೇಶಕ್ಕೆ ಬಂದಾಗ ನಮ್ಮ ನೆರೆಯವರ ಶೆವ್ರೊಲೆ ಕಪ್ರೀಸ್ ವ್ಯಾಗನ್‌ನ ಹಿಂದಿನ ಸೀಟಿನಲ್ಲಿ ನಮ್ಮ ಮಕ್ಕಳೂ ಅವರ ಮಕ್ಕಳೂ ಊರೆಲ್ಲ ಸುತ್ತಿದ್ದಾರೆ. ಹಿಂದಿನ ಗಾಜಿನಲ್ಲಿ ಬರುವ ವಾಹನಗಳಿಗೆ ಕೈಬೀಸುವ ಸಂತೋಷವನ್ನು ಆ ಮಕ್ಕಳು ಇಂದಿಗೂ ನೆನೆಯುತ್ತಾರೆ. ವೋಲ್ವೊದವರು ಸುರಕ್ಷತೆಗೆ ಹೆಸರಾದವರು. 1959ರಲ್ಲೇ ಮೂರು ಬಿಂದುಗಳ ಬೆಲ್ಟನ್ನು ಲೋಕಕ್ಕೆ ಕೊಟ್ಟವರು. ಅವರೇ ಮಾಡಿದ ಸೀಟನ್ನು ಅವರದೇ ಕಾರಿಗೆ ಹಾಕುವುದರಲ್ಲಿ ಸಂದೇಹವೇಕೆ?

ಕೊಲಂಬಸ್‌ನ ತಾಯಿ

ಡಲ್ಲಾಸ್‌ನವರ ಮಾತಿನಲ್ಲಿ ಒಂದು ಸತ್ಯವಿದೆ. ಎದುರಿನ ಅಪಘಾತದಲ್ಲಿ ಹಿಂದಕ್ಕೆ ಮುಖ ಮಾಡಿ ಕೂತ ಮಗುವಿನ ಬೆನ್ನು, ಕುತ್ತಿಗೆ, ತಲೆ ಮೂರಕ್ಕೂ ಬೆನ್ನೊರಗು ಒಟ್ಟಿಗೆ ಆಧಾರ ಕೊಡುತ್ತದೆ. ಸ್ವೀಡನ್ನಿನಲ್ಲಿ 1960ರ ದಶಕದಿಂದಲೂ ಪುಟ್ಟ ಮಕ್ಕಳನ್ನು ಹಿಂಮುಖವಾಗಿ ಕೂರಿಸುವ ಸಂಪ್ರದಾಯ ಬೆಳೆದದ್ದು ಈ ತಿಳಿವಳಿಕೆಯಿಂದಲೇ. ಆದರೆ ಎಡಿಸನ್‌ನವರ ಮನೆಯ ಮೂವರು ಮಕ್ಕಳನ್ನು ಒಬ್ಬೊಬ್ಬರಾಗಿ ತೆಗೆದುಕೊಂಡು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ನಾನು ಮಕ್ಕಳ ಸೀಟುಗಳನ್ನು ಸರಿಯಾಗಿ ಕಟ್ಟಿದ್ದಾರೆಯೇ ಎಂದು ಪರೀಕ್ಷಿಸುವ ತರಬೇತಿ ಪಡೆದವಳು. ಇಂಥ ಪ್ರಶ್ನೆ ನಮ್ಮ ಮುಂದೆ ಬಂದಾಗ ಮೊದಲು ಕೇಳುವುದೇ ಮಕ್ಕಳ ಎತ್ತರ ಮತ್ತು ತೂಕವನ್ನು.

ಏಳು ವರ್ಷದ ಮಗುವಿನಿಂದ ಶುರುಮಾಡೋಣ. ನ್ಯೂಜೆರ್ಸಿಯ ಕಾನೂನಿನಂತೆ 8 ವರ್ಷ ತುಂಬದ, 57 ಅಂಗುಲಕ್ಕಿಂತ, ಅಂದರೆ ಸುಮಾರು 145 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಗು ಮಕ್ಕಳ ಸೀಟಿನಲ್ಲೋ ಬೂಸ್ಟರ್‌ನಲ್ಲೋ (ಬೆಲ್ಟು ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು) ಕೂರಲೇಬೇಕು. ಇಲ್ಲಿ ಮಾರುವ ಬೂಸ್ಟರ್ ಮತ್ತು ಮಕ್ಕಳ ಸೀಟುಗಳ ಕೈಪಿಡಿಗಳಲ್ಲಿ ಹೆಚ್ಚಿನವು, ಹಿಂದಕ್ಕೆ ಅಥವಾ ಪಕ್ಕಕ್ಕೆ ಮುಖ ಮಾಡಿದ ಕಾರಿನ ಸೀಟಿನ ಮೇಲೆ ತಮ್ಮನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳುತ್ತವೆ. ಬೂಸ್ಟರ್‌ಗೆ ಭುಜದ ಪಟ್ಟಿಯೂ ಇರುವ ಬೆಲ್ಟು ಬೇಕು, ಸೊಂಟದ ಪಟ್ಟಿ ಮಾತ್ರ ಇದ್ದರೆ ಅದನ್ನು ಬಳಸುವಂತಿಲ್ಲ. ಹಾಗಾಗಿ ನಿಮ್ಮ ಚಿಕ್ಕ ಮಗುವಿನ ಜಾಗ ಎರಡನೆಯ ಸಾಲಿನ ಅಂಚಿನಲ್ಲೇ, ಈ ವರ್ಷ ಮೂರನೆಯ ಸಾಲಿನಲ್ಲಿ ಅಲ್ಲ.

ಹನ್ನೊಂದು ವರ್ಷದ ಮಗುವಿಗೆ ತದ್ವಿರುದ್ಧ ತೊಂದರೆ. ಈ ಸೀಟು ಮಕ್ಕಳ ಅಳತೆಗೆ ಮಾಡಿದ್ದು, ಅದಕ್ಕೆ ಎತ್ತರದ ಮತ್ತು ತೂಕದ ಮಿತಿಯಿದೆ. ಬೆನ್ನೊರಗಿಗಿಂತ ತಲೆ ಮೇಲೆ ಚಾಚಿಕೊಂಡಿದ್ದರೆ, ಬೆನ್ನಿಗೆ ಬೆನ್ನು ಕೊಟ್ಟು ಎರಡನೆಯ ಸಾಲಿನಲ್ಲಿ ಕೂತ ಅಜ್ಜ, ಅಜ್ಜಿಯ ತಲೆಗೆ ಮಗುವಿನ ತಲೆ ಬಡಿಯುತ್ತದೆ. ಮಿತಿ ಮೀರಿದ ಮಗುವನ್ನು ಅಲ್ಲಿ ಕೂರಿಸಲೇಬೇಡಿ, ಹತ್ತಿರದ ಅಂಗಡಿಗೆ ಹೋಗುವುದಾದರೂ ಸರಿ.

ಎಡಿಸನ್ ನಿವಾಸಿ

ತಮ್ಮೆಲ್ಲರಿಗೂ ಧನ್ಯವಾದ. ಮೇಡಂ, ತಾವು ಹೇಳಿದಂತೆ ಮಕ್ಕಳ ಅಳತೆ ತೆಗೆದೆವು. ದೊಡ್ಡವಳು 152 ಸೆಂ.ಮೀ. ಇದ್ದಾಳೆ, ನಡುವಿನವನು 129, ಚಿಕ್ಕವಳು 121. ಗುಜರಿಯವರಿಂದ ಸೀಟಿನ ಚೀಟಿಯ ಚಿತ್ರ ತರಿಸಿ ನೋಡಿದಾಗ ದೊಡ್ಡವಳು ಆ ಮಿತಿಯನ್ನು ದಾಟಿದ್ದಾಳೆಂದು ಖಚಿತವಾಯಿತು. ಹಾಗಾದರೆ ಈ ಬೇಸಿಗೆಯಲ್ಲಿ ಹಿಂದಿನ ಸೀಟಿನಲ್ಲಿ ಕೂರಬಲ್ಲವನು ನಡುವಿನವನೊಬ್ಬನೇ. ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಒಬ್ಬ ಎಂದರೆ ಆರು ಜನವಾಯಿತು, ಏಳನೆಯವರಿಗೆ ಜಾಗವಿಲ್ಲ. ಆದರೂ ಚಿಕ್ಕವಳಿಗೆ ಎಂಟು ತುಂಬಿದ ಮೇಲೆ ಕೆಲವು ವರ್ಷ ಇಬ್ಬರೂ ಅದರಲ್ಲಿ ಕೂರಬಹುದಾದ್ದರಿಂದ ಸೀಟನ್ನು ಕೊಳ್ಳುವ ಮನಸ್ಸು ಇನ್ನೂ ಇದೆ. ಗುಜರಿಯಿಂದ ತರುವಾಗ ಸೀಟಿನ ಜೊತೆ ಏನೇನು ಬಿಚ್ಚಿಸಿಕೊಂಡು ಬರಬೇಕು? ಭಾರದ ಲೆಕ್ಕವನ್ನೂ ಸ್ವಲ್ಪ ವಿವರಿಸಬೇಕೆಂದು ಕೋರುತ್ತೇನೆ.

ಡೆಟ್ರಾಯ್ಟ್ ಕನ್ನಡಿಗ

ಭಾರದಿಂದ ಶುರುಮಾಡುತ್ತೇನೆ. ಸೀಟು ಇದ್ದಷ್ಟು ಜನರನ್ನು ಕಾರು ಹೊರುತ್ತದೆಂದು ಭಾವಿಸಬಾರದು. ಕಾರಿನ ಮೇಲೆ ಅಂಟಿಸಿದ ಫಲಕದಲ್ಲಿ ಒಟ್ಟು ತೂಕದ ಮಿತಿಯೂ ಒಂದೊಂದು ಆಕ್ಸಲ್‌ನ ಮಿತಿಯೂ ಇರುತ್ತವೆ. ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಟ್ಟ ಭಾರ ತಕ್ಕಡಿಯ ದಂಡದಂತೆ ಕೆಲಸ ಮಾಡುತ್ತದೆ: ಹಿಂಭಾಗವನ್ನು ತನ್ನ ತೂಕಕ್ಕಿಂತ ಹೆಚ್ಚು ಒತ್ತಿ, ಮುಂಭಾಗವನ್ನು ಹಗುರಮಾಡುತ್ತದೆ. ಇಬ್ಬರು ಮಕ್ಕಳು ಸೇರಿ 60 ಕಿ.ಗ್ರಾಂ ಇದ್ದು, ಆಕ್ಸಲ್‌ನಿಂದ 60 ಸೆಂ.ಮೀ. ಹಿಂದೆ ಕೂತಿದ್ದಾರೆಂದು ಇಟ್ಟುಕೊಳ್ಳಿ. ಗಾಲಿಗಳ ಅಂತರ 2.65 ಮೀಟರ್ ಆದ್ದರಿಂದ ಹಿಂದಿನ ಆಕ್ಸಲ್‌ಗೆ ಬೀಳುವುದು ಹೆಚ್ಚುಕಡಿಮೆ 74 ಕಿ.ಗ್ರಾಂ, ಮುಂದಿನ ಗಾಲಿಗಳ ಮೇಲಿನ ಭಾರ 14 ಕಿ.ಗ್ರಾಂ ಕಡಿಮೆಯಾಗುತ್ತದೆ. ಇದಕ್ಕೆ ಸೀಟಿನ ತೂಕವನ್ನೂ ಎರಡನೆಯ ಸಾಲಿನ ಮೂವರನ್ನೂ ಸೇರಿಸಿ. ಸಂಸಾರವನ್ನೆಲ್ಲ ಕೂರಿಸಿಕೊಂಡು ಸಾರ್ವಜನಿಕ ತೂಕದ ಸೇತುವೆಯ ಮೇಲೆ ಒಮ್ಮೆ ಹಿಂದಿನ ಗಾಲಿಗಳನ್ನು ಮಾತ್ರ ನಿಲ್ಲಿಸಿ, ಆಮೇಲೆ ಇಡೀ ಕಾರನ್ನು ನಿಲ್ಲಿಸಿ ತೂಗಿಸಿದರೆ ಸಂದೇಹವೇ ಉಳಿಯುವುದಿಲ್ಲ. ಟೈರುಗಳಿಗೆ ಪೂರ್ಣ ಭಾರಕ್ಕೆ ಹೇಳಿದಷ್ಟು ಗಾಳಿ ಹಾಕಿ, ದೀಪಗಳ ಬೆಳಕು ಮೇಲಕ್ಕೆ ಚಿಮ್ಮುತ್ತಿಲ್ಲವೆಂದು ನೋಡಿಕೊಳ್ಳಿ.

ಗುಜರಿಯಲ್ಲಿ ಸೀಟನ್ನು ಮಾತ್ರ ಎತ್ತಿಕೊಂಡು ಬಂದರೆ ಅರ್ಧ ಸಾಮಾನು ಅಲ್ಲೇ ಉಳಿದಂತೆ. ಚೌಕಟ್ಟು, ಕೀಲುಗಳು, ಚಿಲಕ, ಅದರದೇ ಬೋಲ್ಟುಗಳು, ಬೆಂಬಲದ ಕಬ್ಬಿಣದ ಪಟ್ಟಿಗಳು, ಬೆಲ್ಟಿನ ಕೊಂಡಿಗಳು, ಆ ಸೀಟಿಗಾಗಿಯೇ ಕತ್ತರಿಸಿದ ನೆಲಹಾಸು, ಎಚ್ಚರಿಕೆಯ ಚೀಟಿಗಳು, ಎಲ್ಲವೂ ಬೇಕು. ಆ ಕಾರು ಅಪಘಾತದಲ್ಲಿ ಗುಜರಿಗೆ ಬಂದದ್ದಾಗಿದ್ದರೆ ಸೀಟನ್ನು ಬಿಟ್ಟುಬಿಡಿ. ಬಾಗಿದ ಚೌಕಟ್ಟನ್ನು ಬಡಿದು ನೆಟ್ಟಗೆ ಮಾಡಿದರೆ ಮೊದಲಿನ ಬಲ ಮರಳಿ ಬರುವುದಿಲ್ಲ. ಹಳೆಯ ಬೆಲ್ಟುಗಳನ್ನು ಅಳತೆಗೆಂದು ಮಾತ್ರ ತನ್ನಿ. ಬಿಸಿಲಿಗೆ ಒಡ್ಡಿಕೊಂಡ ನೂಲಿನ ಶಕ್ತಿ ಕಣ್ಣಿಗೆ ಕಾಣದಂತೆ ಇಳಿದಿರುತ್ತದೆ, ವ್ಯಾಗನ್‌ನ ಹಿಂಭಾಗವೋ ಮೂರು ಕಡೆ ಗಾಜಿರುವ ಜಾಗ. ಪ್ರಮಾಣಿತ ಹೊಸ ಬೆಲ್ಟನ್ನೂ, ಬೆಲ್ಟುಗಳಿಗೆಂದೇ ಮಾಡಿದ ಉನ್ನತ ದರ್ಜೆಯ ಬೋಲ್ಟನ್ನೂ ಕೊಳ್ಳಿ. ಈ ಬೋಲ್ಟುಗಳು ಸಾಮಾನ್ಯವಾಗಿ 7/16 ಅಂಗುಲದವು, ಅಂಗುಲಕ್ಕೆ 20 ಎಳೆಗಳಿರುವಂಥವು. ಕಬ್ಬಿಣದ ಅಂಗಡಿಯ ಸಾಧಾರಣ ಬೋಲ್ಟು ತಿರುಗಿ ಕೂತಿತೆಂದ ಮಾತ್ರಕ್ಕೆ ಅದು ಇದಕ್ಕೆ ಸಮವಾಗದು.

ಇನ್ನೊಂದು ಭಾಗವನ್ನು ಎಲ್ಲರೂ ಮರೆಯುತ್ತಾರೆ: ಎರಡನೆಯ ಸಾಲಿನ ಬೆನ್ನೊರಗಿನ ಚಿಲಕ. ಹಿಂಮುಖವಾಗಿ ಕೂತ ಮಕ್ಕಳು ಎದುರಿನ ಅಪಘಾತದಲ್ಲಿ ಒತ್ತುವುದು ಅದೇ ದಿಕ್ಕಿಗೆ. ಆ ಚಿಲಕ ಸವೆದು ಸಡಿಲವಾಗಿದ್ದರೆ ಮಕ್ಕಳ ಭಾರ, ಸೀಟಿನ ಭಾರ ಎರಡೂ ಮುಂದಿನವರ ಬೆನ್ನಿಗೆ ಬೀಳಬಹುದು. ಎರಡೂ ಬದಿಯ ಚಿಲಕಗಳು ಕಟ್ಟಕಡೆಯವರೆಗೆ ಕಚ್ಚಿಕೊಳ್ಳುತ್ತವೆಯೇ ಎಂದು ನೋಡಿ, ಸಂದೇಹವಿದ್ದರೆ ಬದಲಿಸಿ.

ಮಲೆನಾಡ ಹಾದಿ

ನಾನು ಶಿವಮೊಗ್ಗದವನು, ಬೆಂಗಳೂರಿನಲ್ಲಿದ್ದೇನೆ, 1990ರ ದಶಕದ ಟಾಟಾ ಎಸ್ಟೇಟ್ ಒಂದನ್ನು ಜೋಪಾನ ಮಾಡಿಕೊಂಡು ಬಂದಿದ್ದೇನೆ. ಈ ಚರ್ಚೆಯನ್ನು ಓದಿ ನಮ್ಮ ಕಡೆಯವರಿಗೂ ಒಂದು ಮಾತು ಹೇಳಬೇಕೆನಿಸಿತು. ಸುಮೋದಂಥ ಗಾಡಿಗಳ ಹಿಂಭಾಗದಲ್ಲಿ ಎದುರುಬದುರು ಕೂರುವುದನ್ನು ಕಂಡು ಬೆಳೆದ ನಮಗೆ, ವ್ಯಾಗನ್‌ನ ಡಿಕ್ಕಿಯಲ್ಲಿ ಎರಡು ಪಕ್ಕದ ಸೀಟು ಹಾಕಿಸುವುದು ಕುಶನ್ ಅಂಗಡಿಯಲ್ಲಿ ಒಂದು ಮಧ್ಯಾಹ್ನದ ಕೆಲಸವೆಂದು ತೋರುತ್ತದೆ. ಅಂಥ ಸೀಟುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ: ಚೌಕಾಕಾರದ ಕೊಳವೆಯ ಚೌಕಟ್ಟು, ತಗಡಿಗೆ ತಿರುಗಿಸಿದ ಸ್ಕ್ರೂಗಳು, ಬೆಲ್ಟು ಎಂಬುದೇ ಇಲ್ಲ. ಪಕ್ಕಕ್ಕೆ ಮುಖ ಮಾಡಿ ಕೂತವನಿಗೆ ಬ್ರೇಕ್ ಹಾಕಿದಾಗ ಬೆನ್ನೊರಗು ಯಾವ ಆಧಾರವನ್ನೂ ಕೊಡುವುದಿಲ್ಲ.

ಕಾನೂನಿನಲ್ಲೂ ಇಲ್ಲಿ ಅವಕಾಶ ಕಡಿಮೆ. ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಂ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಸೀಟುಗಳ ಸಂಖ್ಯೆ ಆ ವಿವರಗಳಲ್ಲಿ ಒಂದು. ಅದನ್ನು ಮೀರಿ ಅಪಘಾತವಾದರೆ ವಿಮೆಯ ಹಣಕ್ಕೂ ಅಡ್ಡಿ ಬರಬಹುದು. ಅಮೆರಿಕದಲ್ಲಿ ಹೇಗೆಂದು ತಿಳಿದವರು ಹೇಳಿದರೆ ಹೋಲಿಸಿ ನೋಡಬಹುದು.

ಡೆಟ್ರಾಯ್ಟ್ ಕನ್ನಡಿಗ

ಇಲ್ಲಿ ಒಂದು ಸೂಕ್ಷ್ಮವಿದೆ. ವಾಹನದಲ್ಲಿರುವ ಸುರಕ್ಷತಾ ಅಂಶವನ್ನು ನಿಷ್ಕ್ರಿಯಗೊಳಿಸಬಾರದೆಂಬ ಕೇಂದ್ರ ಕಾನೂನು ತಯಾರಕರು, ಮಾರಾಟಗಾರರು, ದುರಸ್ತಿ ಅಂಗಡಿಗಳಂಥವರಿಗೆ ಅನ್ವಯಿಸುತ್ತದೆ. ತನ್ನ ಕಾರನ್ನು ತಾನೇ ಬದಲಿಸುವ ಮಾಲೀಕನನ್ನು ಅದು ನೇರವಾಗಿ ತಡೆಯುವುದಿಲ್ಲ. ಕೆಲವರು ಇದನ್ನು ಅನುಮತಿಯೆಂದು ಓದುತ್ತಾರೆ. ಹೊಣೆ ಪೂರ್ತಿಯಾಗಿ ಮಾಲೀಕನ ಹೆಗಲಿಗೆ ಬಂತೆಂದು ನಾನು ಓದುತ್ತೇನೆ. ರಾಜ್ಯದ ನಿಯಮಗಳೂ ವಿಮಾ ಕಂಪನಿಯ ಷರತ್ತುಗಳೂ ಬೇರೆ ಇರುತ್ತವೆ, ಆದ್ದರಿಂದ ವಿಮೆಯವರಿಗೆ ಮೊದಲೇ ಬರೆದು ತಿಳಿಸಿ, ಲಿಖಿತ ಉತ್ತರ ಪಡೆಯಿರಿ.

ಡಲ್ಲಾಸ್‌ನವರಿಗೂ ಉತ್ತರಿಸಬೇಕು. ನೀವು ನೆನೆದ ಕಪ್ರೀಸ್ 240ಕ್ಕಿಂತ ಬಹಳ ಉದ್ದದ ಕಾರು. ಹಿಂದಿನಿಂದ ಬೇರೊಂದು ವಾಹನ ಬಂದು ಗುದ್ದಿದರೆ ಮಕ್ಕಳ ಮೊಣಕಾಲಿಗೂ ಹಿಂಬಾಗಿಲಿಗೂ ನಡುವೆ ಉಳಿಯುವ ಜಾಗ 240ರಲ್ಲಿ ತೀರ ಕಡಿಮೆ. ಇಂದಿನ ಹೆದ್ದಾರಿಯಲ್ಲಿ ಬೆನ್ನ ಹಿಂದೆ ಬರುವ ಪಿಕಪ್‌ಗಳು ಎತ್ತರವಾಗಿವೆ, ಭಾರವೂ ಆಗಿವೆ. ಈ ಸೀಟನ್ನು ಊರೊಳಗಿನ ನಿಧಾನದ ಓಡಾಟಕ್ಕೆ ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹೊಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಚೌಕಾಕಾರದ ಹಿಂಭಾಗದ ಕಾರು ಓಡುವಾಗ ಅದರ ಬೆನ್ನಿಗೆ ಗಾಳಿಯ ಒತ್ತಡ ಇಳಿದು, ಸೈಲೆನ್ಸರಿನಿಂದ ಬಂದ ಹೊಗೆ ಅಲ್ಲೇ ಸುತ್ತುತ್ತದೆ. ಹಿಂಬಾಗಿಲಿನ ರಬ್ಬರು ಬಿರುಕು ಬಿಟ್ಟಿದ್ದರೆ, ನೆಲದ ರಬ್ಬರು ಬಿರಡೆಗಳು ಉದುರಿದ್ದರೆ, ಹೊಗೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದರ ಅತಿ ಹತ್ತಿರ ಕೂರುವವರು ಹಿಂದಿನ ಮಕ್ಕಳೇ. ಹೊಸ ರಬ್ಬರು ಹಾಕಿಸಿ, ಸೈಲೆನ್ಸರಿನ ಜೋಡಣೆಗಳನ್ನು ಎತ್ತುವ ಯಂತ್ರದ ಮೇಲೆ ನಿಲ್ಲಿಸಿ ಪರೀಕ್ಷಿಸಿ, ಬ್ಯಾಟರಿಯ ಸಣ್ಣ ಎಚ್ಚರಿಕೆ ಗಂಟೆಯೊಂದನ್ನು ಹಿಂದೆ ಇಡಿ. ಹಿಂಬಾಗಿಲನ್ನು ತೆರೆದಿಟ್ಟುಕೊಂಡು ಎಂದೂ ಓಡಿಸಬೇಡಿ. 240 ವ್ಯಾಗನ್‌ಗಳಲ್ಲಿ ಹಿಂಬಾಗಿಲಿನ ಕೀಲಿನ ಬಳಿ ತಂತಿಗಳು ಬಾಗಿ ಬಾಗಿ ತುಂಡಾಗುವುದು ಹಳೆಯ ದೂರು, ಅದನ್ನೂ ಇದೇ ಸಂದರ್ಭದಲ್ಲಿ ಸರಿಮಾಡಿಸಿ. ಮಕ್ಕಳು ಒಳಗಿನಿಂದ ಹೊರಬರುವ ದಾರಿ ಯಾವುದೆಂದು ಗೊತ್ತುಮಾಡಿಕೊಂಡು, ಅವರ ಕೈಯಲ್ಲೇ ಅಭ್ಯಾಸ ಮಾಡಿಸಿ.

ಕೊಲಂಬಸ್‌ನ ತಾಯಿ

ಬೇಸಿಗೆಯ ಸೆಕೆಯನ್ನೂ ಗಮನದಲ್ಲಿಡಿ. ಹಿಂದೆ ಗಾಳಿಯ ಕಿಂಡಿ ಇಲ್ಲದ ಕಡೆ ಎ.ಸಿ. ತಂಪು ತಲುಪುವುದು ನಿಧಾನ, ಬಿಸಿಲು ಮಾತ್ರ ನೇರ. ಹಿಂದಕ್ಕೆ ನೋಡುತ್ತ ಕೂತರೆ ಕೆಲವು ಮಕ್ಕಳಿಗೆ ವಾಂತಿ ಬರುತ್ತದೆ. ನಿಮ್ಮ ಮಗನನ್ನು ನಿಂತ ಕಾರಿನಲ್ಲಿ ಕೂರಿಸಿ ಬೆಲ್ಟು ಸೊಂಟದ ಮೂಳೆಯ ಮೇಲೆ ಕೂರುತ್ತದೆಯೋ ಹೊಟ್ಟೆಯ ಮೇಲೆ ಏರುತ್ತದೆಯೋ ನೋಡಿ. ಹೊಟ್ಟೆಯ ಮೇಲೆ ಏರಿದರೆ, ಕಾನೂನು ಒಪ್ಪಿದರೂ ಆ ಸೀಟು ಅವನಿಗೆ ಇನ್ನೂ ಹೊಂದುವುದಿಲ್ಲ.

ಎಡಿಸನ್ ನಿವಾಸಿ

ಮನೆಯವರೊಡನೆ ಕೂತು ನಿರ್ಧರಿಸಿದ್ದು ಹೀಗೆ. ಅಪ್ಪ, ಅಮ್ಮ ಇರುವಷ್ಟು ದಿನ ಏಳು ಜನ ಹೊರಡುವ ಪ್ರವಾಸಗಳಿಗೆ ಮಿನಿವ್ಯಾನ್ ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ವೆಲ್ಡಿಂಗ್ ಬೆಂಚು ಬೇಡವೆಂದು ತಿಳಿಸಿಯಾಯಿತು. ಗುಜರಿಯ ಕಾರು ಅಪಘಾತದ್ದಲ್ಲ, ಗೇರ್‌ಬಾಕ್ಸ್ ಹಾಳಾಗಿ ಬಂದದ್ದೆಂದು ದಾಖಲೆ ನೋಡಿ ಖಚಿತಪಡಿಸಿಕೊಂಡು ಸೀಟನ್ನು ಅದರ ಎಲ್ಲ ಬಿಡಿಭಾಗಗಳ ಸಹಿತ ಕೊಂಡಿದ್ದೇವೆ. ಮೊದಲು ಹಿಂದಿನ ಸ್ಪ್ರಿಂಗು, ಬೆನ್ನೊರಗಿನ ಚಿಲಕ, ಹಿಂಬಾಗಿಲಿನ ರಬ್ಬರು. ಆಮೇಲೆ ನೆಲಹಾಸು ಬಿಚ್ಚಿ ಬಿಂದುಗಳ ಹೋಲಿಕೆ. ಎಲ್ಲ ಬಿಂದುಗಳೂ ಸಿಕ್ಕರೆ ಹೊಸ ಬೆಲ್ಟುಗಳೊಂದಿಗೆ ಅಳವಡಿಸಿ, ಚಿಕ್ಕವಳಿಗೆ ಎಂಟು ತುಂಬಿ ಬೆಲ್ಟು ಸರಿಯಾಗಿ ಕೂರುವ ದಿನದಿಂದ ಶಾಲೆ, ಈಜುಕೊಳ, ಗ್ರಂಥಾಲಯದ ಓಡಾಟಕ್ಕೆ ಬಳಸುತ್ತೇವೆ. ಸಿಗದಿದ್ದರೆ ಸೀಟನ್ನು, ಕಾರಿನಲ್ಲಿ ಆ ಜಾಗಗಳಿರುವ ಇನ್ನೊಬ್ಬ 240 ಮಾಲೀಕರಿಗೆ ಕೊಂಡ ಬೆಲೆಗೇ ಕೊಡುತ್ತೇನೆ. ಬೇಕಾದವರು ಇಲ್ಲೇ ತಿಳಿಸಬಹುದು.